ಅಡುಗೆಮನೆಯ ಮೂಲೆ

ಲಿಸ್ಮೋರಿನ ತಗ್ಗುಬೀದಿಯಲ್ಲಿ ಮರದ ಮನೆ.
ನೆರೆ ಇಳಿದು ವರ್ಷವಾಯಿತು; ಗೋಡೆಗೆ
ಎದೆಮಟ್ಟದ ಕಂದು ಗೆರೆ ಇನ್ನೂ ಅಂಟಿಕೊಂಡೇ ಇದೆ.
ಇದನ್ನು ಮೂರು ಮೀಟರು ಎತ್ತಬೇಕು:
ಡ್ಯಾರಿಲ್, ನಾನು, ಎಂಟು ಜಾಕು, ಒಂದು ಪಂಪು.

ಲೆಕ್ಕ ನನ್ನದು. ಊಟದ ಡಬ್ಬಿಯ ಮುಚ್ಚಳದ ಮೇಲೆ
ಸೀಸದಕಡ್ಡಿಯಲ್ಲಿ ಬರೆದೆ.
ಮನೆ ಇಪ್ಪತ್ತನಾಲ್ಕು ಟನ್ನು, ತಲೆಗೆ ಮೂರು.
ಪಿಸ್ಟನ್ನಿನ ಅಡ್ಡಳತೆ ಐವತ್ತು ಮಿಲಿಮೀಟರು,
ಹೊರಗಿನ ಕೊಳವೆಯದಲ್ಲ, ಒಳಗೆ ಎಣ್ಣೆ ತಾಗುವ ಮುಖದ್ದು.
ಅರ್ಧ ಮಾಡು, ವರ್ಗ ಮಾಡು, ಪೈಯಿಂದ ಗುಣಿಸು.
ಅರ್ಧ ಮಾಡುವುದ ಮರೆತು ಒಮ್ಮೆ ಟೌನ್ಸ್‌ವಿಲ್ಲಿನಲ್ಲಿ
ಕಾಲುಪಾಲು ಒತ್ತಡ ಇಟ್ಟು
ಮಧ್ಯಾಹ್ನದವರೆಗೂ ಪಂಪಿಗೆ ಬೈದಿದ್ದೆ.
ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ನೂರೈವತ್ತು ಬಾರ್.
ಕೈಯಳತೆಗೆ ತುಸು ಸೇರಿಸಿ
ನೂರ ಅರವತ್ತೈದಕ್ಕೆ ವಾಲ್ವು ಕಟ್ಟಿದೆ.

ಏಳು ಜಾಕು ಕೂದಲೆಳೆಯಷ್ಟು ಎದ್ದವು.
ಎಂಟನೆಯದು, ಅಡುಗೆಮನೆಯ ಮೂಲೆಯದು,
ಕುಕ್ಕರಿನಂತೆ ಸುಯ್ಯೆಂದು
ಎಣ್ಣೆಯನ್ನು ಟ್ಯಾಂಕಿಗೇ ವಾಪಸು ಬಿಟ್ಟಿತು.

‘ವಾಲ್ವು ಬಿಗಿ ಮಾಡು’ ಎಂದ ಡ್ಯಾರಿಲ್.
ಒಲ್ಲೆ ಎಂದೆ.
ಗದಗಿನ ಹತ್ತಿ ಅಡತಿಯಲ್ಲಿ ಹಮಾಲಿ ಮಾಡುತ್ತಿದ್ದ
ನಮ್ಮ ಅಡಿವೆಪ್ಪ ಕಾಕಾನ ಮಾತು:
ಚೀಲ ಏಳಲಿಲ್ಲಂದ್ರ ಬೆನ್ನಿಗೆ ಬೈಬ್ಯಾಡ,
ಒಳಗ ಏನೈತಿ ಕೇಳು.

ಕೇಳಿದೆ.
ಮೇವಿಸ್ ಟ್ರೆಲೋರ್, ಎಂಬತ್ತೊಂದು ವರ್ಷ,
ಬೀದಿಯಾಚೆ ಮಡಚು ಕುರ್ಚಿಯಲ್ಲಿ ಥರ್ಮಾಸು ಹಿಡಿದು ಕೂತಿದ್ದರು.
ಒಲೆ? ಹೋದ ವಾರವೇ ಹೊರಗೆ ಹಾಕಿಸಿದೆ.
ಫ್ರಿಜ್ಜು? ಅದನ್ನು ಹೊಳೆ ತೆಗೆದುಕೊಂಡಿತು.
ಆಮೇಲೆ ಥರ್ಮಾಸಿನ ಮುಚ್ಚಳ ತಿರುವುತ್ತ, ತಿರುವುತ್ತ,
‘ಕ್ಲೆಮ್ ಅಲ್ಲಿ ಏನೋ ಸುರಿದಿದ್ದ’ ಎಂದರು.

ಲಿನೋಲಿಯಂ ಎಬ್ಬಿಸಿದೆವು.
ಎರಡು ಮೀಟರು ಉದ್ದ, ಎರಡು ಅಗಲ, ಅರ್ಧ ಗೇಣು ದಪ್ಪ,
ಕಾಂಕ್ರೀಟು.
ಎಪ್ಪತ್ತನಾಲ್ಕರ ನೆರೆಯಲ್ಲಿ ಪಕ್ಕದ ಮನೆ
ಕಂಬ ಬಿಟ್ಟು, ಪರದೆ ಇಳಿಬಿಟ್ಟುಕೊಂಡೇ
ಬೀದಿಗೆ ತೇಲಿ ಹೋದದ್ದನ್ನು ಕಂಡ ಮನುಷ್ಯ
ನೀರು ಇಳಿದ ವಾರ ಒಬ್ಬನೇ ಕಲಸಿ ಹಾಸಿದ್ದು.
ನಮ್ಮದು ತೇಲಬಾರದು.
ಅಂಚಿನಲ್ಲಿ ಹಿಡಿಯವರೆಗೆ ಹೂತ
ಕೇಕು ಸವರುವ ಚಪ್ಪಟೆ ಅಲಗು.
‘ಅಯ್ಯೋ, ಇದನ್ನೆಷ್ಟು ಹುಡುಕಿದೆ! ನನ್ನ ತಂಗಿಯ ಮೇಲೆ
ಅನುಮಾನ ಪಟ್ಟಿದ್ದೆ’ ಎಂದರು ಮೇವಿಸ್.

ಒಡೆಯಬೇಕೇ?
ಬೇಡ. ಜಾಕಿಗೆ ಏಳುನೂರು ಬಾರ್ ತಾಳಿಕೆಯಿದೆ;
ತೊಲೆಯ ಕೆಳಗೆ ಇನ್ನೊಂದು ಉಕ್ಕಿನ ಪಟ್ಟಿ ಕೊಟ್ಟರಾಯಿತು.
ನಾಲ್ಕು ಟನ್ನು, ಅದೇ ಪಿಸ್ಟನ್ನು: ಇನ್ನೂರು.
ವಾಲ್ವನ್ನು ಇನ್ನೂರ ಇಪ್ಪತ್ತಕ್ಕೆ ತಿರುಗಿಸಿದೆ.
ಮುಳ್ಳು ಏರಿತು, ನೂರೈವತ್ತರಲ್ಲಿ ನಿಲ್ಲಲಿಲ್ಲ,
ನೂರ ತೊಂಬತ್ತು, ತೊಂಬತ್ತೆಂಟು...
ಎಲ್ಲೋ ಒಂದು ಮೊಳೆ ಕಿರ್ರೆಂದಿತು,
ಹಳೆಯ ಕಂಬಕ್ಕೂ ತೊಲೆಗೂ ನಡುವೆ
ಬೆಳಕಿನ ಒಂದು ಗೆರೆ.

ಡ್ಯಾರಿಲ್ ಮರದ ದಿಮ್ಮಿ ತುರುಕಲು ಓಡಿದ.
ನಾನು ಡಬ್ಬಿಯ ಮುಚ್ಚಳ ತೆಗೆದು
ಮನೆಯ ತೂಕದ ಕೆಳಗೆ
ಇನ್ನೊಂದು ಸಾಲು ಸೇರಿಸಿದೆ:
ಕ್ಲೆಮ್, ಒಂದು ಟನ್ನು.