ಬಿಗಿಯುವ ಮುನ್ನ

ಹತ್ತೊಂಬತ್ತು ವರ್ಷ
ಕಡಿದ ಎಳೆ ಕೂಡಿಸುವುದೇ ನನ್ನ ಕೆಲಸ
ದಾವಣಗೆರೆಯ ಹತ್ತಿಗಿರಣಿಯಲ್ಲಿ.
ತಿರುಗುವ ಕದಿರುಗಳ ನಡುವೆ ಕೈ ತೂರಿಸಿ
ಎರಡು ತುದಿ ಹಿಡಿದು, ನಾಲಿಗೆಗೆ ತಾಗಿಸಿ, ಒಂದು ಹೊಸೆತ.
ಸೈರನ್ನು ನಿಂತು ಎಷ್ಟೋ ಕಾಲವಾಯಿತು.
ಬೆರಳು ಮಾತ್ರ ಇನ್ನೂ ಪಾಳಿಯ ಮೇಲಿದೆ.

ಅದಕ್ಕೇ ಈ ಹುಡುಗರು ನನ್ನನ್ನು ಬಿಡುವುದಿಲ್ಲ.
ಸಾವಿರಗಟ್ಟಲೆ ಸುರಿದು ಕೊಂಡ ರೀಲು, ಕಾರ್ಬನ್ ಕಡ್ಡಿ,
ಎಂಟೆಳೆ ಹೆಣೆದ ಹಸಿರು ದಾರ,
ಅದರ ಮುಂದೆ ಎರಡಡಿ ಗಾಜಿನಂಥ ನೈಲಾನು,
ಬೆನ್ನಿಗೆ ಜೋಡಿಗಾಳ ಒತ್ತಿಕೊಂಡ ರಬ್ಬರು ಕಪ್ಪೆ.
ಎಲ್ಲ ತರುತ್ತಾರೆ, ಗಂಟೊಂದು ಬಾರದು.
"ಕಾಕಾ, ಒಂದು ಹಾಕ್ಕೊಡ್ರಿ."
ಐದು ಸುತ್ತು, ತುದಿಯನ್ನು ಹಿಂದಕ್ಕೆ ತಂದು ಕಣ್ಣಿಗೆ ತೂರಿಸಿ
ಬಿಗಿಯುವ ಮುನ್ನ ಉಗುಳು.
ಒಣಗಿದ್ದನ್ನು ಜಗ್ಗಿದರೆ ದಾರ ತನ್ನ ಬಿಸಿಗೆ ತಾನೇ ಬೇಯುತ್ತದೆ,
ಕಣ್ಣಿಗೆ ಕಾಣುವುದಿಲ್ಲ.
ಈ ಮಾತು ಹೇಳಿದಷ್ಟು ಸಲ
ನನ್ನ ಹೆಸರನ್ನೂ ಹೇಳಿಕೊಂಡಿಲ್ಲ ನಾನು.

ಈ ಸಲ ಸೂಳೆಕೆರೆಯ ಪಂದ್ಯಕ್ಕೆ ನನ್ನನ್ನೂ ಸೇರಿಸಿದರು.
ಮೂವತ್ತೊಂದನೇ ನಂಬರು, ಬೆನ್ನಿಗೆ ಪಿನ್ನು ಚುಚ್ಚಿದ ಬಟ್ಟೆ.
ಕೊಟ್ರೇಶಿ ನಿಯಮ ಓದಿದ:
ಆರರಿಂದ ಹನ್ನೊಂದು. ಕುಚ್ಚುಮೀನು ಮಾತ್ರ ಲೆಕ್ಕಕ್ಕೆ.
ಜೀವಂತ ತೂಗಿ ನೀರಿಗೇ ಬಿಡಬೇಕು.
ಗಾಳದ ಮುಳ್ಳನ್ನು ಇಕ್ಕಳದಲ್ಲಿ ಅಮುಕಿರಬೇಕು.
ಹೂಂ ಅಂದೆ. ಅರವತ್ತೆಂಟರ ಹೊಟ್ಟೆಯೊಳಗೆ
ಕದಿರು ತಿರುಗುತ್ತಿತ್ತು.

ಕೆರೆಬಿಳಚಿಯ ಇಮಾಮ್‌ಸಾಬ್ ತೆಪ್ಪ ನೂಕಿದ.
ಸಿದ್ದನ ತೂಬಿನಿಂದ ಬಲು ದೂರ, ಜೊಂಡಿನ ಸಂದಿಯಲ್ಲಿ
ನೀರು ಒಂದೇ ಕಡೆ ಕೆಂಪಗೆ ಕುದಿಯುತ್ತಿತ್ತು:
ಬೆಂಕಿಕಡ್ಡಿಯ ತಲೆಯಷ್ಟು ಮರಿ,
ಉಸಿರಿಗೆ ಬಂದು ಮುಳುಗುವ ಸಾವಿರ ಮರಿ.
"ಅವ್ವ ಕೆಳಗೇ ಇರ್ತಾಳೆ" ಅಂದ,
ಬಾಯಲ್ಲಿದ್ದ ಬೀಡಿ ಹಚ್ಚದೆ.

ಕರಿ ಕಪ್ಪೆ ಬಿಚ್ಚಿ ಹಳದಿ ಕಟ್ಟಿದೆ, ಅವಸರದಲ್ಲಿ.
ಮರಿಗಳ ಆಚೆಗೆ ಎಸೆದು ಎಳೆದೆ. ಟಪ್.
ನಿಲ್ಲಿಸು.
ಟಪ್, ಟಪ್.
ನಿಲ್ಲಿಸು.

ಹಸಿವಿಗೆ ಕಚ್ಚುವ ಮೀನು ಚಪ್ಪರಿಸುತ್ತದೆ.
ಇದು ಒಳಗಿನಿಂದ ಬಾಗಿಲು ಒದ್ದ ಹಾಗೆ ಬಂತು.
ಎರಡೆಣಿಸಬೇಕು, ಕಡ್ಡಿ ಎತ್ತುವ ಮುನ್ನ. ಎಣಿಸಿದೆ.
ಎತ್ತಿದೆ. ಕಡ್ಡಿ ಬಿಲ್ಲಾಯಿತು, ತೆಪ್ಪ ಗಿರಕಿ ಹೊಡೆಯಿತು,
ರೀಲು ಅರಚಿತು,
ತೊಡೆಯಷ್ಟು ದಪ್ಪದ ಬೆನ್ನೊಂದು ಜೊಂಡನ್ನು ಮಲಗಿಸಿ ಹೊರಳಿತು.
ಆಮೇಲೆ ಏನೂ ಇಲ್ಲ.
ಹಗುರ.
ಎಳೆ ಕಡಿದ ಕದಿರಿನ ಹಗುರ ಅದು, ನನಗೆ ಗೊತ್ತು.

ದಾರ ಸುತ್ತಿ ತುದಿ ನೋಡಿದೆ.
ಕಲ್ಲಿಗೆ ಉಜ್ಜಿದ್ದರೆ ಸಿಬಿರು,
ಹಲ್ಲಿಗೆ ಸಿಕ್ಕಿದ್ದರೆ ಕೊಯ್ದಂತೆ ನುಣುಪು,
ಗಂಟು ಜಾರಿದ್ದರೆ ಹಂದಿಬಾಲದ ಸುರುಳಿ.
ಬಿಸಿಲಿಗೆ ಹಿಡಿದೆ.
ಸುರುಳಿ.

ಚದುರಿದ ಮರಿಗಳು ಮತ್ತೆ ಕೂಡಿಕೊಂಡವು.
"ಮುಳ್ಳು ಅಮುಕಿದ ಗಾಳ, ತಲೆ ಕೊಡವಿದ್ರೆ ಉದುರ್ತತಿ ಬಿಡ್ರಿ"
ಅಂದ ಇಮಾಮ್‌ಸಾಬ್. ನಾನು ಕೇಳಿರಲಿಲ್ಲ.

ದಡದಲ್ಲಿ ಮಂಡಕ್ಕಿ, ಮಿರ್ಚಿ, ಕೊಕ್ಕೆಯ ತಕ್ಕಡಿ.
ಮುಬಾರಕನ ಎರಡು ಕಿಲೋ ಮುನ್ನೂರಕ್ಕೆ ಚಪ್ಪಾಳೆ.
ಕಪ್ಪೆಯ ಮೂಗಿಗೆ ನಾನೇ ಹಾಕಿಕೊಟ್ಟ ಗಂಟು
ಕೂದಲೆಳೆಯಷ್ಟೂ ಅಲುಗಿರಲಿಲ್ಲ.
"ನಿಮ್ದೇನಾತು ಕಾಕಾ?"
"ಕಲ್ಲಿಗೆ ಉಜ್ಜಿತು."
ಜೊಂಡಿನಲ್ಲಿ ಎಲ್ಲಿಯ ಕಲ್ಲು ಅಂತ ಯಾರೂ ಕೇಳಲಿಲ್ಲ.
ಇಮಾಮ್‌ಸಾಬ್ ಆಚೆ ತಿರುಗಿ ಬೀಡಿ ಹಚ್ಚಿದ.

ತುದಿ ಕತ್ತರಿಸಿ ಸುಣ್ಣದ ಡಬ್ಬಿಗೆ ಹಾಕಿ ಬಸ್ಸು ಹತ್ತಿದೆ.
ಅವತ್ತು ಬೆಳಿಗ್ಗೆ ಬಾಯಿ ಪೂರ್ತಿ ಒಣಗಿತ್ತು,
ಮತ್ತೇನಿಲ್ಲ.
ಸಂತೇಬೆನ್ನೂರು ದಾಟಿದ ಮೇಲೆ
ನೀರೂರಿತು,
ಮಿರ್ಚಿಯ ಖಾರಕ್ಕೋ ಏನೋ.