ತೊಂಗ್‌ಜಿ

ಶೆನ್ಯಾಂಗಿನ ಟ್ರಾಮಿನಲ್ಲಿ ಇಪ್ಪತ್ತೊಂಬತ್ತು ವರ್ಷ
ಟಿಕೆಟ್ ಹರಿದವಳು ನಾನು.
ಚಿಲ್ಲರೆ ಕೊಡಿ ತೊಂಗ್‌ಜಿ, ಒಳಗೆ ಸರಿಯಿರಿ ತೊಂಗ್‌ಜಿ,
ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ ತೊಂಗ್‌ಜಿ.
ಒಂದೇ ಮನಸ್ಸಿನವರು ಎಂದು ಅದರ ಅರ್ಥವಂತೆ.
ಆ ನೂಕುನುಗ್ಗಲಲ್ಲಿ ಮನಸ್ಸನ್ನು ಎಣಿಸಿದವರು ಯಾರು?

ಆಮೇಲೊಂದು ಬೆಳಗ್ಗೆ ಡಿಪೋ ಸಭೆಯಲ್ಲಿ
ನನ್ನ ಗಂಡನ ಹೆಸರು ಕರೆದರು. ಬರೀ ಹೆಸರು.
ಲುವಾನ್ ಶೌಥ್ಯೆನ್.
ಹಿಂದೆ ಆ ಬಾಲವಿರಲಿಲ್ಲ.
ನನ್ನ ಪಕ್ಕ ಕೂತಿದ್ದವಳು ಅರ್ಧ ಗೇಣು ಸರಿದಳು.

ಏಳು ಚಳಿಗಾಲ ಕಲ್ಲಿದ್ದಲು ಹೊತ್ತ.
ಬಂದಮೇಲೆ ಆ ಪದವನ್ನೂ ವಾಪಸು ಕೊಟ್ಟರು,
ಟಪಾಲಿನಲ್ಲಿ, ಕೆಂಪು ಮೊಹರು ಒತ್ತಿ.
ಅವನು ಆ ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಹಾಸಿದ.

ಅಷ್ಟರಲ್ಲಿ ಊರು ‘ಧಣಿ’ ಅನ್ನುವುದನ್ನು ಕಲಿತಿತ್ತು,
ಎಲೆಕೋಸು ಮಾರುವವನೂ ಧಣಿ.
ಹಳೇ ಪದ ಟೀವಿಯಲ್ಲಿ ಮಾತ್ರ
ಸೂಟು ಹಾಕಿ ಕೂತಿತು.

ಈ ಸಲ ಹೊಸವರ್ಷಕ್ಕೆ ಬಂದ ಮೊಮ್ಮಗ
ಹಿಟ್ಟು ಲಟ್ಟಿಸುತ್ತ, ತಲೆಯೆತ್ತದೆ ಹೇಳಿದ:
ಅಜ್ಜೀ, ನಾನು ತೊಂಗ್‌ಜಿ.
ಪಾರ್ಟಿ ಸೇರಿದೆಯಾ, ಅಂದೆ.
ನಕ್ಕ. ಅತ್ತನೋ.
ಫೋನಿನಲ್ಲಿ ಫೋಟೋ ತೋರಿಸಿದ:
ಉದ್ದ ಕತ್ತಿನ ಹುಡುಗ,
ನಾನು ಇವನಿಗೆ ಹೆಣೆದ ಮಫ್ಲರು ಅವನ ಕೊರಳಲ್ಲಿ.

ನನಗೆ ತಿಳಿಯಲು ಒಂದು ತಟ್ಟೆ ಕಡುಬು ಹಿಡಿಯಿತು.
ಶೌಥ್ಯೆನ್ ಇದ್ದಿದ್ದರೆ ಏನನ್ನುತ್ತಿದ್ದನೋ, ಗೊತ್ತಿಲ್ಲ;
ಒಳ್ಳೆಯವನು, ಆದರೆ ಮೊಂಡ.
ನಾನು ಕೇಳಿದ್ದಿಷ್ಟು: ಜನ ನಿಮ್ಮನ್ನು ಹಾಗೆ
ಕೂಗಿ ಕರೆಯುತ್ತಾರೋ, ಪಿಸುಗುಟ್ಟುತ್ತಾರೋ?
ಎರಡೂ, ಅಂದ.

ಸರಿ, ಆ ಹುಡುಗನಿಗೂ ಒಂದು ಡಬ್ಬಿ ತಗೊಂಡು ಹೋಗು.
ಬಿಸಿ ಇದೆ, ಬಸ್ಸು ಕುಲುಕುತ್ತದೆ,
ಮಡಿಲಲ್ಲಿ ಇಟ್ಟುಕೊ, ತೊಂಗ್‌ಜಿ.