ಸೆಂಟ್ರಿಂಗ್

ಟೊಂಕದ ಕೆಳಗಷ್ಟೇ ಜೋಮು ಹಿಡಿದಿತ್ತು ದಾವಲಮಲಿಕನಿಗೆ.
ಕಿವಿ ಎಚ್ಚರ ಇದ್ದವು.
ಹಸಿರು ಪರದೆಯ ಆಚೆ, ಬಟ್ಟಲೊಳಗ
ಪುಡಿಗೆ ದ್ರವ ಸುರುವಿ ನಾ ಕಲಸೂ ಸಪ್ಪಳ ಕೇಳಿ
"ಯಾರ್ರೀ ಅದು, ಗಿಲಾವ್ ಕಲಸಾಕತ್ತವರು?" ಅಂದ.

ಮಾಸ್ಕಿನೊಳಗ ನಕ್ಕರು ಡಾಕ್ಟರ್ ಹಂಚಿನಾಳ.
ನಾ ನಗಲಿಲ್ಲ. ಒಂದೇ ನಿಮಿಷದ ಕೆಲಸ ಅದು,
ಗಂಟು ಉಳಿದರ ಸಿರಿಂಜು ಕಟ್ಟಿಕೊಳ್ತದ.

ಶಹಾಪುರ ಅಗಸಿ ಹೊರಗಿನ ಒಂದು ಹಳೆ ಬಾವಡಿಯಾಗ
ಸುಣ್ಣದ ಗಾರೆ ತುಂಬಾಕ ಹೋಗಿ
ಬಿದಿರಿನ ಅಟ್ಟದಿಂದ ನಿಂತ ಕಾಲಲ್ಲೇ ಇಳಿದವ.
ಮೊಣಕಾಲ ಕೆಳಗಿನ ಎಲುಬು
ಮಣ್ಣಿನ ಮಾಳಗಿ ಕುಸಿದಂಗ ಒಳಗ ಕುಸಿದಿತ್ತು.

ಹಿಂದಿನ ದಿನ ವಾರ್ಡಿನಾಗ ಡಾಕ್ಟರು ಕೇಳಿದ್ದರು:
"ಟೊಂಕದ ಎಲುಬು ಸ್ವಲ್ಪ ಕೆತ್ತಿ ಅಲ್ಲಿ ತುಂಬಲೇನು?"
"ಒಂದು ಗ್ವಾಡಿ ಕೆದರಿ ಇನ್ನೊಂದರ ಕಿಂಡಿ ಮುಚ್ಚೂದು
ನಮ್ಮಪ್ಪ ಕಲಿಸಿಲ್ರಿ."
ಅದಕ್ಕ ಈ ಪುಡಿ. ಕ್ಯಾಲ್ಸಿಯಂ, ಫಾಸ್ಫೇಟು.
ಹುಟ್ಟಿದಾಗಿಂದ ಅವ ಹೊತ್ತು ತಿರುಗಿದ್ದೇ,
ಈಗ ಪಾಕೀಟಿನಾಗ, ಬಿಲ್ಲಿನ ಸಮೇತ.

ಕುಸಿದಿದ್ದನ್ನ ಬುಡದಿಂದ ತಟ್ಟಿ ತಟ್ಟಿ ಎತ್ತಿದರು.
ಎತ್ತಿದ ಕೆಳಗ ಒಂದು ನೆಲ್ಲಿಕಾಯಿ ಹಿಡಿವಷ್ಟು ಖಾಲಿ.
ರಕ್ತ ಒರೆಸಿ, ಹೀರಿ, ಮತ್ತ ಒರೆಸಿ.
ಬಿಗಿಯೂ ಮೊದಲು ಅದು ಹರಿದು ಬಂತೋ,
ತುಂಬಿದ್ದೆಲ್ಲ ತೊಳಕೊಂಡು ಹೋಗ್ತದ.
ಸಿರಿಂಜು ಒತ್ತಿದರು.
ಆಮ್ಯಾಲೆ ಹತ್ತು ನಿಮಿಷ
ಯಾರೂ ಮುಟ್ಟೂಹಂಗಿಲ್ಲ.

ಗಡಿಯಾರ ನೋಡೂದು ನನ್ನ ಪಾಲು.
ಬಟ್ಟಲಿನಾಗ ಉಳಿದ ಚೂರು ಒತ್ತಿ ನೋಡೂದೂ.
ಬಟ್ಟಲಿಗಿಂತ ಮೈ ಬೆಚ್ಚಗ;
ಇಲ್ಲಿ ಬಿಗೀತು ಅಂದರ ಅಲ್ಲಿ ಮೊದಲೇ ಬಿಗಿದಿರತದ.

"ಬಿಸಿ ಆಗ್ತೈತೇನ್ರಿ ಅಕ್ಕಾರ? ಸುಣ್ಣ ಅರಳೂವಾಗ ಕುದಿತೈತಲ್ಲ."
ಇಲ್ಲ, ಇದು ತಣ್ಣಗೇ ಬಿಗೀತದ.
"ಕ್ಯೂರಿಂಗ? ಒಳಗ ನೀರ ಯಾರ ಹೊಡಿತಾರ?"
ನಿಮ್ಮ ಮೈಯೇ ಹೊಡಿತದ.
"ತಾಳಿಕಿ ಎಷ್ಟ ವರ್ಷ?
ಮುತ್ಯಾನ ಮುತ್ಯಾನ ಕಾಲದ ಗಾರೆ ಕೆದರೀನಿ ನಾ,
ಉಗುರ ಮುರದಾವ, ಗಾರೆ ಬಿಟ್ಟಿಲ್ಲ."

ಡಾಕ್ಟರು ಎತ್ತಿ ಹಿಡಿದ ಕೈ ಇಳಿಸದೇ ಹೇಳಿದರು:
ತಾಳೂದಿಲ್ಲ. ತಾಳಬಾರದು.
ನಿನ್ನ ಎಲುಬೇ ಬಂದು ಇದನ್ನ ಕಣ ಕಣ ತಿಂತದ,
ತಿಂದ ಜಾಗದಾಗ ತಾ ಕುಂದರತದ.
ವರ್ಷಗಟ್ಟಲೆ ಹಿಡೀತದ ಒಮ್ಮೊಮ್ಮೆ.

ಪರದೆಯಾಚೆ ಮಾತಿಲ್ಲ.
ಮಾನಿಟರಿನದೊಂದೇ ಸದ್ದು.
ನಾಲ್ಕನೇ ನಿಮಿಷ. ಐದು.

"ಹಂಗಾರ ಇದಕ್ಕ ಸಿಮೆಂಟ್ ಅನಬ್ಯಾಡ್ರಿ ಸಾಹೇಬ್ರ.
ಇದು ಸೆಂಟ್ರಿಂಗ್.
ಕಮಾನು ತನ್ನ ಭಾರ ತಾ ಹೊರೂತನಕ
ಬುಡಕ ನಿಂದರತೈತಿ. ಹೊತ್ತಿಂದ ಬಿಚ್ಚತೀವಿ.
ಕಟ್ಟಿದವರ ಹೆಸರರೆ ಕಲ್ಲಿನ ಮ್ಯಾಲ ಬರಿತಾರ.
ಸೆಂಟ್ರಿಂಗಿನ ಕಟಗಿ ಚಾದ ಒಲಿಗೆ."

ಹನ್ನೊಂದು ವರ್ಷ ಕಲಸೀನಿ ಈ ಪುಡಿ.
ಪಾಕೀಟಿನ ಮ್ಯಾಲಿನ ತಾರೀಖು, ಬ್ಯಾಚು, ಬೆಲೆ,
ಎಲ್ಲಾ ಓದೀನಿ.

ಬಟ್ಟಲಿನ ಚೂರು ಉಗುರಿಗೆ ಟಕ್ ಅಂತು.
ಹತ್ತು, ಅಂದೆ.
ಪ್ಲೇಟು. ಸ್ಕ್ರೂ. ಹೊಲಿಗೆ.

ಎಂಟು ತಿಂಗಳಿಗೆ ಬಂದ, ಕೋಲು ಬಗಲಾಗ, ಕಾಲು ನೆಲದ ಮ್ಯಾಲ.
ಎಕ್ಸ್‌ರೇದಾಗ ಬಿಳಿ ಗುಪ್ಪಿಯ ಅಂಚು ಮಸುಕಾಗಿತ್ತು, ಅಷ್ಟೇ.
"ಇನ್ನೂ ಅದ" ಅಂದರು ಡಾಕ್ಟರು.
"ಇರ್ಲಿ ಬಿಡ್ರಿ. ಅವಸರ ಮಾಡಿ ಬಿಚ್ಚಿದ ಸ್ಲ್ಯಾಬ್ ನೋಡೀನಿ ನಾ."

ಹೋಗೂವಾಗ ಓಪಿಡಿ ಗ್ವಾಡಿಗೆ ಬೆರಳ ಗೆಣ್ಣಿಲೆ ಬಡದು
ಕಿವಿ ಹಚ್ಚಿ ನಿಂತ.
"ಇಲ್ಲಿ ಪೊಳ್ಳ ಐತ್ರಿ ಅಕ್ಕಾರ. ಯಾರಿಗರೆ ಹೇಳ್ರಿ."

ಹೇಳೀನಿ. ಇನ್ನೂ ಯಾರೂ ಬಂದಿಲ್ಲ.